ಇಳಿದು ಹತ್ತಿದ ಫ್ರಾನ್ಸ್

ಕಾಸರಗೋಡಿನ ಮೂಳೆ ಡಾಕ್ಟರು ನನ್ನ ಬಲಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಿಂದೆ ನಾನು ಹತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದದ್ದು ಅದೇ ಮುಖದಲ್ಲಿ. ಪಾಸು ಮಾಡಲು ಮನಸ್ಸಿಲ್ಲ, ಫೇಲು ಮಾಡಲು ಧೈರ್ಯವಿಲ್ಲ ಎಂಬಂಥ ಮುಖ. ಆಮೇಲೆ ಎಕ್ಸ್‌ರೇಯನ್ನು ಲಕೋಟೆಗೆ ಹಾಕಿ ತೀರ್ಪು ಕೊಟ್ಟರು.

"ಸೈಕಲ್ ತುಳಿಯಬಹುದು ಮಾಷ್ಟ್ರೆ, ತೊಂದರೆ ಇಲ್ಲ. ಮೊಣಕಾಲಿಗೆ ಒಳ್ಳೇದೇ. ಆದರೆ ಈ ಹತ್ತುವುದು, ಇಳಿಯುವುದು ಉಂಟಲ್ಲ, ಅದು ಬೇಡ."

"ಹತ್ತದೆ ತುಳಿಯುವುದು ಹೇಗೆ ಡಾಕ್ಟ್ರೆ?"

"ಒಮ್ಮೆ ಹತ್ತಿ. ಹತ್ತಿದ ಮೇಲೆ ಸುಮ್ಮಸುಮ್ಮನೆ ಇಳಿಯಬೇಡಿ ಅಂತ ಹೇಳಿದ್ದು."

ಪಕ್ಕದ ಕುರ್ಚಿಯಲ್ಲಿದ್ದ ನನ್ನ ಹೆಂಡತಿ ವಾರಿಜ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ನಗು ಬಂದಾಗ ಅವಳು ಹಾಗೆ ಯಾವುದನ್ನಾದರೂ ಶ್ರದ್ಧೆಯಿಂದ ನೋಡುತ್ತಾಳೆ. ಮೂವತ್ತು ವರ್ಷ ವಿಲ್ಲೇಜ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಅರ್ಜಿ ಹಿಡಿದು ಬಂದವರ ಎದುರು ನಗಬಾರದೆಂದು ಅಲ್ಲಿ ಕಲಿತ ವಿದ್ಯೆ ಅದು.

ಬೋವಿಕಾನದ ಬಸ್ಸಿನಲ್ಲಿ ಕೂತು, ಚೆರ್ಕಳದ ತಿರುವು ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು. "ಈ ಮಾತನ್ನು ಫ್ರಾನ್ಸಿಗೆ ಹೋಗುವ ಮೊದಲೇ ಯಾರಾದರೂ ನಿಮಗೆ ಹೇಳಬೇಕಿತ್ತು."

ಹೌದು, ನಾನು ಫ್ರಾನ್ಸಿಗೆ ಹೋದವನು. ಹೇಳಿಕೊಳ್ಳಲು ನನಗೇ ಸಂಕೋಚ. ಸಮಾಜ ಪಾಠದ ಮಾಷ್ಟ್ರಾಗಿ ಕನ್ನಡ ಮಾಧ್ಯಮದ ಮಕ್ಕಳಿಗೆ ಫ್ರಾನ್ಸಿನ ಮಹಾಕ್ರಾಂತಿಯನ್ನು ಮೂವತ್ತೊಂದು ಬಾರಿ ನಡೆಸಿಕೊಟ್ಟಿದ್ದೇನೆ. ಹದಿನಾರನೆಯ ಲೂಯಿಯ ತಲೆಯನ್ನು ಮೂವತ್ತೊಂದು ಸಲ ತೆಗೆದಿದ್ದೇನೆ, ಹೆಚ್ಚಾಗಿ ಮಧ್ಯಾಹ್ನದ ಊಟದ ನಂತರದ ಪೀರಿಯಡಿನಲ್ಲಿ, ಅರ್ಧ ತರಗತಿ ನಿದ್ದೆಯಲ್ಲಿದ್ದಾಗ. ಇಂಥ ಪೂರ್ವಚರಿತ್ರೆಯವನು ಆ ದೇಶಕ್ಕೆ ಕಾಲಿಟ್ಟರೆ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸಬಹುದೆಂದು ಸಣ್ಣ ಅಂಜಿಕೆಯಿತ್ತು. ಹಿಡಿಯಲಿಲ್ಲ. ಸೀಲು ಹೊಡೆದು ಕಳಿಸಿದರು, ತಲೆ ಕೂಡ ಎತ್ತದೆ. ಅವರಿಗೂ ಮಧ್ಯಾಹ್ನದ ಊಟ ಆಗಿತ್ತೆಂದು ಕಾಣುತ್ತದೆ.

ಹೋದದ್ದು ಸೈಕಲ್ ತುಳಿಯಲಿಕ್ಕೆ. ಕಾರಣ ನಾನಲ್ಲ, ವಾರಿಜ.

ಅವಳ ತವರು ನಾಯ್ಮಾರ್ಮೂಲೆ. ಅವಳಿಗೆ ಹನ್ನೆರಡು ವರ್ಷವಾದಾಗ ಆ ಮನೆಗೆ ಒಂದು ಹಸಿರು ಸೈಕಲ್ ಬಂತು, ಅವಳ ಅಣ್ಣ ನಾರಾಯಣನಿಗೆ ಕಾಲೇಜಿಗೆ ಹೋಗಲಿಕ್ಕೆಂದು. ಭಾನುವಾರ ಅದನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ತೊಳೆಯುವುದು, ಚೈನಿಗೆ ಎಣ್ಣೆ ಬಿಡುವುದು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುವುದು, ಬೆಲ್ಲನ್ನು ಹುಣಸೆಹುಳಿಯಲ್ಲಿ ತಿಕ್ಕಿ ಹೊಳಪು ಬರಿಸುವುದು, ಎಲ್ಲ ವಾರಿಜಳ ಪಾಲಿನ ಕೆಲಸ. ತುಳಿಯುವುದು ಮಾತ್ರ ಅವಳ ಪಾಲಿಗಿರಲಿಲ್ಲ. "ಹೆಣ್ಣುಮಗು ಬಿದ್ದರೆ ಯಾರು ಜವಾಬು?" ಎಂದು ಅವಳ ಅಜ್ಜಿ ಕೇಳಿದ್ದರಂತೆ. ಬಿದ್ದು ಮುಂಗೈ ಮುರಿದುಕೊಂಡದ್ದು ನಾರಾಯಣಭಾವನೇ. ಆಗ ಯಾರೂ ಜವಾಬು ಕೇಳಲಿಲ್ಲ.

ಮದುವೆಯಾದ ಮೇಲೆ ಅವಳಿಗೆ ಬಡ್ತಿ ಸಿಕ್ಕಿತು. ನನ್ನ ಸೈಕಲ್ಲಿನ ಕ್ಯಾರಿಯರು. ಅಲ್ಲಿ ಕೂತು ಅವಳು ಹಲವು ವರ್ಷ ನನ್ನ ಬೆನ್ನನ್ನು ನೋಡಿದಳು. ನೋಡುವಂಥ ಬೆನ್ನಲ್ಲ ಅದು ಎಂದು ಅವಳೇ ಹೇಳಿದ್ದುಂಟು.

ಪೆನ್ಶನ್ ಬಂದ ಮರುತಿಂಗಳು, ಐವತ್ತಾರು ತುಂಬಿದವಳು, ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದಳು. "ನನಗೆ ಸೈಕಲ್ ಕಲಿಸಿ."

ಬೇಸಿಗೆ ರಜೆ, ಶಾಲೆಯ ಮೈದಾನ ಖಾಲಿ. ನಾನು ಕ್ಯಾರಿಯರು ಹಿಡಿದು ಹಿಂದಿನಿಂದ ಓಡಿದೆ. ಹದಿನೆಂಟು ದಿನ ಓಡಿದೆ. ನಿವೃತ್ತಿಯ ನಂತರ ವಿಶ್ರಾಂತಿ ಎಂದು ಸನ್ಮಾನದ ಭಾಷಣದಲ್ಲಿ ಹೇಳಿದವರೆಲ್ಲ ಆಗ ನನಗೆ ನೆನಪಾಗುತ್ತಿದ್ದರು. ಹತ್ತೊಂಬತ್ತನೆಯ ದಿನ ಕೈ ಬಿಟ್ಟೆ, ಅವಳು ಹೋದಳು. ಚೆನ್ನಾಗಿ ಹೋದಳು. ಆದರೆ ಒಂದು ಕೊರತೆ ಉಳಿಯಿತು. ಅವಳು ಗಿಡ್ಡ. ನೆಲದ ಮೇಲೆ ನಿಂತು ಸೈಕಲ್ ಏರಲು ಅವಳಿಗೆ ಬರಲೇ ಇಲ್ಲ. ಮೈದಾನದ ನಡುವಿನ ಧ್ವಜದ ಕಟ್ಟೆಯ ಮೇಲೆ ಎಡಗಾಲಿಟ್ಟು ಹತ್ತುತ್ತಿದ್ದಳು, ಸುತ್ತು ಹಾಕಿ ಅದೇ ಕಟ್ಟೆಗೆ ಬಂದು ಕಾಲಿಟ್ಟು ಇಳಿಯುತ್ತಿದ್ದಳು. ಒಂದು ಮೊಳ ಎತ್ತರದ ಕಟ್ಟೆಯೊಂದಿದ್ದರೆ ಅವಳನ್ನು ಹಿಡಿಯುವವರಿಲ್ಲ. ಕಟ್ಟೆಯಿಲ್ಲದ ಕಡೆ ಅವಳು ನಿಲ್ಲುವಂತಿಲ್ಲ. ತುಳಿಯುತ್ತಲೇ ಇರಬೇಕು.

ಈ ಸುದ್ದಿ ನಾರಾಯಣಭಾವನ ಮಗಳು ಶ್ರುತಿಗೆ ಮುಟ್ಟಿತು. ಅವಳು ಫ್ರಾನ್ಸಿನಲ್ಲಿ ಬೆಣ್ಣೆಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಬೆಣ್ಣೆಯಲ್ಲಿ ಹುಡುಕಲಿಕ್ಕೆ ಎಂತ ಉಂಟು ಎಂದು ನಾನು ಕೇಳಿದ್ದೆ. ತಿಂದ ಮೇಲೆ ಕೇಳುವುದನ್ನು ನಿಲ್ಲಿಸಿದೆ. "ಅತ್ತೆ, ಇಲ್ಲಿಗೆ ಬನ್ನಿ, ಹಳ್ಳಿದಾರಿಯಲ್ಲಿ ನಾಲ್ಕು ದಿವಸ ಸೈಕಲ್ಲಿನಲ್ಲಿ ಹೋಗುವ ಏರ್ಪಾಡು ಉಂಟು. ಚೀಲ ಎಲ್ಲ ವ್ಯಾನಿನಲ್ಲಿ ಬರ್ತದೆ. ಸಾಕಾದರೆ ಫೋನ್ ಮಾಡಿದರೆ ವ್ಯಾನಿನವ ಬಂದು ನಿಮ್ಮನ್ನೂ ಸೈಕಲನ್ನೂ ಹತ್ತಿಸಿಕೊಳ್ತಾನೆ. ಆರಾಮ," ಎಂದಳು. ಆರಾಮ ಎನ್ನುವ ಮಾತನ್ನು ಇಪ್ಪತ್ತೆಂಟರ ಹರೆಯದವರ ಬಾಯಿಂದ ಕೇಳಿದಾಗ ಅರವತ್ತೆರಡರವರು ಎಚ್ಚರವಾಗಿರಬೇಕು. ನಾನು ಇರಲಿಲ್ಲ.

ಹೊರಡುವ ಹಿಂದಿನ ದಿನ ನಾರಾಯಣಭಾವ ಮನೆಗೆ ಬಂದಿದ್ದ. ಬೆಲ್ಲ ಕಚ್ಚಿ ನೀರು ಕುಡಿದು, ಚಾವಡಿಯಲ್ಲಿ ಕಾಲು ಚಾಚಿ ಕೂತು ತಂಗಿಗೆ ಹೇಳಿದ. "ಎರಡನೇ ದಿವಸ ನೀನು ವ್ಯಾನ್ ಹತ್ತದಿದ್ದರೆ ನನ್ನ ಹೆಸರು ತೆಗೆದು ಬೇರೆ ಇಡು."

ವಾರಿಜ ಚೂಡಿದಾರನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕಿಟ್ಟಳು, ಸ್ವಲ್ಪ ಜೋರಾಗಿ. ವ್ಯಾನ್ ಹತ್ತುವುದಿಲ್ಲ ಎಂದು ಅವಳು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ನನಗೆ ಆ ಮಡಿಕೆಯಲ್ಲೇ ಗೊತ್ತಾಯಿತು.

ಇನ್ನು ನನ್ನ ಕಾಯಿಲೆಯ ವಿಷಯ. ಅದು ಮೊಣಕಾಲಿನದ್ದಲ್ಲ, ಮೊಣಕಾಲು ಅದರ ಫಲ. ಮೂಲ ಇರುವುದು ನನ್ನ ತಂದೆಯವರಲ್ಲಿ.

ಅವರು ಸೈಕಲ್ ಏರಿದವರಲ್ಲ, ನಡೆದವರು. ನಡೆಯುವವನ ಕಣ್ಣಿಗೆ ಸೈಕಲ್ಲಿನಲ್ಲಿ ಕೂತವನು ಎರಡು ಗೇಣು ಎತ್ತರ ಕಾಣುತ್ತಾನೆ. ಆ ಎರಡು ಗೇಣಿನ ಬಗ್ಗೆ ಅವರಿಗೆ ಕಟ್ಟುನಿಟ್ಟಾದ ಅಭಿಪ್ರಾಯವಿತ್ತು. ದೈವಸ್ಥಾನದ ಎದುರು ಇಳಿಯಬೇಕು. ದೇವಸ್ಥಾನ, ಮಸೀದಿ, ಇಗರ್ಜಿ, ಯಾವುದರ ಎದುರಾದರೂ ಇಳಿಯಬೇಕು. ಹೆಣ ಬಂದರೆ ಇಳಿದು ಬದಿಗೆ ನಿಲ್ಲಬೇಕು. ಪಾಠ ಹೇಳಿದವರು, ತಂದೆಗಿಂತ ಹಿರಿಯರು, ತಲೆಯಲ್ಲಿ ಹೊರೆಯಿರುವವರು ಎದುರಾದರೆ ಇಳಿದು, ಅವರು ದಾಟುವವರೆಗೆ ಸೈಕಲ್ ದೂಡಿಕೊಂಡು ಹೋಗಬೇಕು.

ಬೋವಿಕಾನದಲ್ಲಿ ಅದ್ರಾಮಚ್ಚನ ಬಾಡಿಗೆ ಸೈಕಲ್ ಅಂಗಡಿಯಿತ್ತು. ಒಂದು ಗಂಟೆಗೆಂದು ಸೈಕಲ್ ತೆಗೆದುಕೊಂಡು ನಾನು ಹೊರಡುತ್ತಿದ್ದೆ. ಪೇಟೆ ಬಿಡುವಾಗಲೇ ಪೋಸ್ಟ್ ಮಾಷ್ಟ್ರು. ಇಳಿ. ಹತ್ತು. ಕಟ್ಟಿಗೆ ಹೊತ್ತ ಹೆಂಗಸರು ಏಳು ಮಂದಿ, ಒಟ್ಟಿಗಲ್ಲ, ಒಬ್ಬರ ಹಿಂದೆ ಒಬ್ಬರು, ನಡುವೆ ಹತ್ತಲಿಕ್ಕೆ ಸಾಲದಷ್ಟು ಅಂತರ ಬಿಟ್ಟು. ಅದಾದ ಮೇಲೆ ದೈವಸ್ಥಾನ. ಅದಾದ ಮೇಲೆ ನನ್ನ ದೊಡ್ಡಪ್ಪ, ಅವರಿಗೆ ಅದೇ ದಾರಿಯಲ್ಲಿ ಅದೇ ದಿಕ್ಕಿಗೆ ಹೋಗಬೇಕಿತ್ತು. ಅವರ ಜೊತೆ ಮನೆಯ ತನಕ ದೂಡಿದೆ. ಸೈಕಲ್ ಮರಳಿಸುವಾಗ ಅದ್ರಾಮಚ್ಚ ಟಯರನ್ನು ನೋಡಲಿಲ್ಲ, ನನ್ನ ಕಾಲನ್ನು ನೋಡಿದ. "ಎಂತ ಮಾರಾಯ, ಚಕ್ರಕ್ಕಿಂತ ನಿನ್ನ ಚಪ್ಪಲೇ ಜಾಸ್ತಿ ಸವೆದುಂಟಲ್ಲ."

ಮುಂದೆ ನಾನೇ ಮಾಷ್ಟ್ರಾದೆ. ಕೆಲವು ವರ್ಷ ಮಕ್ಕಳು ನನಗಾಗಿ ಇಳಿದರು. ಅವರು ಇಳಿದರೆಂದು ನಾನೂ ಇಳಿದೆ. ಇಬ್ಬರೂ ಇಳಿದು, ಎದುರೆದುರು ನಿಂತು, ಹೇಳಲು ಎಂತದ್ದೂ ಇಲ್ಲದೆ ಮತ್ತೆ ಹತ್ತಿದೆವು. ಆಮೇಲೆ ಬೈಕುಗಳು ಬಂದವು. ಬೈಕಿನಿಂದ ಯಾರೂ ಇಳಿಯುವುದಿಲ್ಲ, ಹಾರ್ನ್ ಹಾಕುತ್ತಾರೆ. ಅದು ಮರ್ಯಾದೆಯೋ ಎಚ್ಚರಿಕೆಯೋ ನನಗಿನ್ನೂ ತೀರ್ಮಾನಿಸಲಾಗಿಲ್ಲ.

ಶ್ರುತಿ ನಮಗಾಗಿ ಆರಿಸಿದ್ದು ಬ್ರಿಟನಿ ಎಂಬ ಸೀಮೆ. ಫ್ರಾನ್ಸು ಸಮುದ್ರದ ಕಡೆಗೆ ಮೂಗು ಚಾಚಿದ ಭಾಗ. ಅವಳಿಗೆ ರಜೆ ಇರಲಿಲ್ಲ, ಬೆಣ್ಣೆ ಕಾಯುತ್ತಿತ್ತು. ಸೈಕಲ್ ಬಾಡಿಗೆಯ ಅಂಗಡಿಯ ತನಕ ಬಂದು, ನನ್ನ ಹ್ಯಾಂಡಲಿಗೆ ಫೋನ್ ಸಿಕ್ಕಿಸಿ, ಅದರಲ್ಲಿ ದಾರಿಯ ನಕ್ಷೆ ತೋರಿಸಿ, ವ್ಯಾನಿನವನ ನಂಬರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮುಖ್ಯವಾದ ಒಂದು ಮಾತು ಹೇಳಿದಳು. "ಮಾವ, ನಾಲ್ಕನೇ ದಿವಸ ಸಂಜೆ ಐದಕ್ಕೆ ಕೊನೆಯ ಊರಿನ ಇಗರ್ಜಿ ಎದುರು ವ್ಯಾನ್ ನಿಂತಿರ್ತದೆ. ಅಲ್ಲಿಂದ ನಿಮ್ಮನ್ನು ರೈಲಿಗೆ ಬಿಡ್ತದೆ. ಐದಕ್ಕೆ ನೀವು ಬರದಿದ್ದರೆ ಅವನೇ ಹುಡುಕಿಕೊಂಡು ಬಂದು ಹತ್ತಿಸ್ತಾನೆ."

ವಾರಿಜ ತನ್ನ ಫೋನನ್ನು ಚೀಲಕ್ಕೆ ಹಾಕಿ ವ್ಯಾನಿಗೆ ಕೊಟ್ಟಳು. ಇಲ್ಲದಿದ್ದರೆ ನಾರಾಯಣಭಾವ ದಾರಿ ನಡುವೆ ಕರೆ ಮಾಡುತ್ತಾನೆ, ನಿಂತು ಎತ್ತಲಿಕ್ಕೆ ಕಟ್ಟೆ ಎಲ್ಲಿಂದ ತರುವುದು ಎಂಬುದು ಅವಳ ವಾದ. ಅಂಗಡಿಯವನು ಅತಿ ಸಣ್ಣ ಸೈಕಲ್ ಹುಡುಕಿ, ಸೀಟನ್ನು ಕೊನೆಯ ತೂತಿನ ತನಕ ಇಳಿಸಿದ. ಆದರೂ ಎತ್ತರವೇ. ಆ ದೇಶದವರು ಉದ್ದಕ್ಕೆ ಬೆಳೆಯುತ್ತಾರೆ, ಬೆಣ್ಣೆಯಿಂದ ಇರಬೇಕು.

ದಾರಿ ಸಣ್ಣದು. ಎರಡೂ ಕಡೆ ಬೇಲಿ, ಬೇಲಿಯಾಚೆ ಜೋಳದ ಸಸಿ, ಸೇಬಿನ ಮರ, ಬಿಳಿ ಕಪ್ಪು ದನ. ಅವು ತಲೆಯೆತ್ತಿ ನಮ್ಮನ್ನು ನೋಡಿ, ತಲೆ ತಗ್ಗಿಸುತ್ತಿದ್ದವು. ಮನುಷ್ಯರು ಇಲ್ಲ. ಅರ್ಧ ದಿನ ತುಳಿದರೆ ನಾಲ್ಕು ಮಂದಿ ಕಾಣುತ್ತಾರೆ, ಅದರಲ್ಲಿ ಇಬ್ಬರು ನಾವೇ. ಜನ ಇಲ್ಲದಿದ್ದರೆ ಇಳಿಯುವ ಕೆಲಸ ಕಡಿಮೆ ಎಂದು ನಾನು ಸಮಾಧಾನಪಟ್ಟುಕೊಂಡೆ. ಆದರೆ ಆ ಸೀಮೆಯ ಹಿಂದಿನವರಿಗೆ ನನ್ನಂಥವನೊಬ್ಬ ಬರುವ ಸುದ್ದಿ ಮೊದಲೇ ಮುಟ್ಟಿತ್ತೋ ಏನೋ. ಕವಲುದಾರಿಗೊಂದರಂತೆ ಕಲ್ಲಿನ ಶಿಲುಬೆ ನೆಟ್ಟಿಟ್ಟಿದ್ದಾರೆ. ಮೆಟ್ಟಿಲಿನ ಕಟ್ಟೆ, ಅದರ ಮೇಲೆ ಕಂಬ, ತುದಿಯಲ್ಲಿ ಶಿಲುಬೆ, ಮೈತುಂಬ ಹಳದಿ ಕಲ್ಲುಹೂವು.

ಮೊದಲನೆಯದು ಕಂಡದ್ದೇ ನಾನು ಇಳಿದೆ. ಇಳಿಯಬೇಕೆಂದು ಯೋಚಿಸಿ ಅಲ್ಲ, ಕಾಲು ಇಳಿಯಿತು. ಚಪ್ಪಲಿ ಬಿಟ್ಟು ಕೈಮುಗಿದೆ. ವಾರಿಜ ನಿಲ್ಲಲಾರದೆ ನನ್ನನ್ನು ದಾಟಿ ಹೋಗುತ್ತ ಕೇಳಿದಳು. "ಎಂತ, ಪಂಚರಾ?"

ಆ ದಿನ ನಾನು ಹತ್ತೊಂಬತ್ತು ಸಲ ಇಳಿದೆ. ಹತ್ತೊಂಬತ್ತು ಸಲ ಇಳಿದವನು ಹತ್ತೊಂಬತ್ತು ಸಲ ಹತ್ತಲೂ ಬೇಕು. ಈ ಎರಡನೆಯ ಭಾಗವನ್ನು ತಂದೆಯವರು ಯೋಚಿಸಿದಂತೆ ಕಾಣುವುದಿಲ್ಲ. ಸಂಜೆ ವಸತಿಗೃಹದಲ್ಲಿ, ಕಾವಲಿಯಷ್ಟಗಲದ ಕಪ್ಪು ದೋಸೆಯೊಂದನ್ನು ತಟ್ಟೆಯಲ್ಲಿಟ್ಟುಕೊಂಡು (ದೋಸೆಯೇ ಅದು, ಹಿಟ್ಟು ಹುಳಿ ಬಂದಿಲ್ಲ ಎಂದು ವಾರಿಜಳ ಆಕ್ಷೇಪ) ನಮ್ಮ ಚರ್ಚೆ ನಡೆಯಿತು.

"ಅದು ನಮ್ಮ ದೇವರಲ್ಲವಲ್ಲ."

"ಯಾರ ದೇವರು ಅಂತ ಕೇಳಿ ಇಳಿಯುವ ಕ್ರಮ ಇಲ್ಲ. ನಿಮ್ಮ ನಾಯ್ಮಾರ್ಮೂಲೆ ಮಸೀದಿ ಎದುರೂ ಇಳಿದವ ನಾನು."

"ಗೊತ್ತುಂಟು. ಹಿಂದೆ ಕ್ಯಾರಿಯರಿನಲ್ಲಿ ಕೂತವಳು ನಾನಲ್ವಾ, ನೀವು ಇಳಿದಾಗೆಲ್ಲ ನಾನೂ ಹಾರಬೇಕಿತ್ತು." ಅವಳು ದೋಸೆ ಮುರಿದಳು. "ಇನ್ನು ನೀವು ಇಳಿರಿ. ನಾನು ಬೆಲ್ ಹೊಡೀತೇನೆ."

"ದೇವರಿಗೆ ಬೆಲ್ ಹೊಡೆಯುವುದಾ?"

"ದೇವಸ್ಥಾನಕ್ಕೆ ಹೋದರೆ ಗಂಟೆ ಹೊಡೆಯುವುದಿಲ್ವಾ? ಇದೆಂತ ಮತ್ತೆ?"

ಮರುದಿನದಿಂದ ಅದೇ ಪದ್ಧತಿಯಾಯಿತು. ಶಿಲುಬೆ ಬಂದರೆ ಅವಳು ತಲೆಯನ್ನು ಒಂದಂಗುಲ ಬಾಗಿಸಿ, ಬೆಲ್ ಹೊಡೆದು ಮುಂದೆ ಹೋಗುವಳು. ಬೇಲಿಯೊಳಗೆ ಮುದುಕರು ಕಂಡರೂ ಅದೇ ಮರ್ಯಾದೆ. ನಾನು ಇಳಿದು, ಕೈಮುಗಿದು, ಹತ್ತಿ, ಏದುಸಿರು ಬಿಟ್ಟುಕೊಂಡು ಅವಳನ್ನು ಹಿಡಿಯುವೆ. ಹಿಡಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಸುಸ್ತಿನಲ್ಲಿ ಬಗೆಗಳಿವೆ ಎಂದು ನನಗೆ ಆ ನಾಲ್ಕು ದಿನಗಳಲ್ಲಿ ತಿಳಿಯಿತು. ಬೆಳಗಿನ ಸುಸ್ತು ಸೊಂಟದಿಂದ ಹೊರಡುತ್ತದೆ. ಮಧ್ಯಾಹ್ನದ್ದು ಕಣ್ಣಿನಿಂದ. ಮೂರನೆಯ ದಿನ ಬಂದದ್ದು ಎಲ್ಲಿಂದಲೂ ಹೊರಡಲಿಲ್ಲ, ಅದು ಮೊದಲೇ ಅಲ್ಲಿ ಕೂತಿತ್ತು. ದಿನಕ್ಕೊಮ್ಮೆ ಆ ಬಿಳಿ ವ್ಯಾನು ನಮ್ಮನ್ನು ದಾಟುವಾಗ ನಿಧಾನಿಸುತ್ತಿತ್ತು. ತೆಳ್ಳಗಿನ, ಮೀಸೆಯ ಮನುಷ್ಯನೊಬ್ಬ ಕಿಟಕಿಯಿಂದ ಹೆಬ್ಬೆರಳು ತೋರಿಸಿ ಎಲ್ಲ ಸರಿಯಾ ಎಂದು ಕೇಳುತ್ತಿದ್ದ. ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ನೀಲಿ ಬಣ್ಣದ, ಮೆತ್ತಗಿನ, ಬೆನ್ನು ಒರಗಿಸಬಹುದಾದ ಸೀಟು. ಅದನ್ನು ನಾನು ನೋಡಿದ ಹಾಗೆ ಫ್ರಾನ್ಸಿನ ಬೇರೆ ಯಾವ ದೃಶ್ಯವನ್ನೂ ನೋಡಿಲ್ಲ. ನನ್ನ ಕೈ ಏಳುವ ಮೊದಲೇ ವಾರಿಜಳ ಹೆಬ್ಬೆರಳು ಮೇಲೆ ಹೋಗಿರುತ್ತಿತ್ತು. ವ್ಯಾನು ಹೊರಟುಹೋಗುತ್ತಿತ್ತು.

ಬೆಳಗಿನ ಕಾಫಿಗೆ ಕೂತಾಗ ನಾರಾಯಣಭಾವನ ಕರೆ. "ಹತ್ತಿದಳಾ?" ಎರಡನೆಯ ದಿನ ದಾಟಿದ ಮೇಲೂ ಅವನು ಬಿಡಲಿಲ್ಲ. "ನಾಲ್ಕು ದಿವಸ ಉಂಟಲ್ಲ, ನೋಡುವ," ಎಂದ.

ನಾಲ್ಕನೆಯ ದಿನ ಮಧ್ಯಾಹ್ನ, ಕೊನೆಯ ಊರಿಗೆ ಇನ್ನು ಹತ್ತು ಕಿಲೋಮೀಟರು. ದಾರಿ ಎರಡಾಗಿ ಒಡೆಯುವಲ್ಲಿ ಒಂದು ಶಿಲುಬೆ. ವಾರಿಜ ಮುಂದಿದ್ದಳು. ಬೆಲ್ ಕೇಳಿತು. ನಾನು ಇಳಿದೆ. ಮೊಣಕಾಲು ಹಲಗೆ ಬಿರಿದಂಥ ಶಬ್ದ ಮಾಡಿತು. ಕೈಮುಗಿದೆ. ಒಂದೇ ನಿಮಿಷ ಎಂದು ಮೆಟ್ಟಿಲ ಮೇಲೆ ಕೂತು ಕಂಬಕ್ಕೆ ಕೆನ್ನೆ ಆನಿಸಿದೆ. ಬಿಸಿಲು ಹದವಾಗಿತ್ತು, ಎಲ್ಲೋ ಒಂದು ಜೇನುಹುಳ ಗುಂಯ್‌ಗುಡುತ್ತಿತ್ತು.

ಕಣ್ಣು ಬಿಟ್ಟಾಗ ಮೂರು ಗಂಟೆ ಹತ್ತು ನಿಮಿಷ. ಅರ್ಧ ಗಂಟೆ ಹೋಗಿತ್ತು. ವಾರಿಜ ಇರಲಿಲ್ಲ.

ಎರಡು ದಾರಿ. ಎರಡಕ್ಕೂ ಬೇಲಿ, ಎರಡೂ ಬೇಲಿಯಾಚೆ ಜೋಳ. ನಕ್ಷೆಯ ಪ್ರಕಾರ ಎಡಕ್ಕೆ ಹೋಗಬೇಕು. ಆದರೆ ನಕ್ಷೆ ನನ್ನ ಹ್ಯಾಂಡಲಿನಲ್ಲಿತ್ತು. ಅವಳಲ್ಲಿ ಇದ್ದದ್ದು ಒಂದು ಬಾಟಲಿ ನೀರು, ಊರಿನಿಂದ ತಂದ ಅವಲಕ್ಕಿಯ ಪೊಟ್ಟಣ. ಫೋನಿಲ್ಲ, ಭಾಷೆಯಿಲ್ಲ, ಇಳಿದರೆ ಹತ್ತಲು ಬರುವುದಿಲ್ಲ.

ಕವರಿನಲ್ಲಿದ್ದ ನಂಬರನ್ನು ಫೋನಿಗೆ ಒತ್ತಿದೆ. ಕೊನೆಯ ಅಂಕಿಯವರೆಗೂ ಒತ್ತಿದೆ. ಹಸಿರು ಗುಂಡಿಯ ಮೇಲೆ ಬೆರಳು ನಿಂತಿತು. ಒತ್ತಿದರೆ ವ್ಯಾನಿನವನು ಕಾಲು ಗಂಟೆಯಲ್ಲಿ ಬಂದು ಅವಳನ್ನು ಹುಡುಕುತ್ತಾನೆ, ಅದರಲ್ಲಿ ಸಂಶಯವಿಲ್ಲ. ಹುಡುಕಿ, ಸೈಕಲ್ಲನ್ನು ಹಿಂದೆ ಹಾಕಿ, ಅವಳನ್ನು ಆ ನೀಲಿ ಸೀಟಿನಲ್ಲಿ ಕೂರಿಸುತ್ತಾನೆ. ಕೊನೆಯ ಹತ್ತು ಕಿಲೋಮೀಟರಿಗೆ. ಅವಳು ಕಿಟಕಿಯಾಚೆ ಯಾವುದನ್ನಾದರೂ ಶ್ರದ್ಧೆಯಿಂದ ನೋಡುತ್ತಾಳೆ, ಈ ಸಲ ನಗು ತಡೆಯಲಿಕ್ಕಲ್ಲ.

ಒತ್ತದಿದ್ದರೆ, ಅವಳಿಗೆ ಏನಾದರೂ ಆದ ಮೇಲೆ ನಾನು ಯಾರಿಗೆ ಜವಾಬು ಹೇಳುವುದು.

ನಿಜ ಹೇಳುತ್ತೇನೆ, ನಿಮ್ಮ ಹತ್ತಿರ ಮುಚ್ಚುಮರೆ ಎಂತಕ್ಕೆ. ನನ್ನ ಬೆರಳಿನಲ್ಲಿ ವಾರಿಜಳ ಚಿಂತೆ ಎಷ್ಟಿತ್ತೋ ಆ ಸೀಟಿನ ಆಸೆಯೂ ಅಷ್ಟೇ ಇತ್ತು. ಯಾವುದಕ್ಕಾಗಿ ಒತ್ತುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ತಿಳಿಯದ ಕಾರಣ ಒತ್ತಲಿಲ್ಲ. ನಾಲ್ಕು ಗಂಟೆಯ ತನಕ ನೋಡುವುದು, ಸಿಗದಿದ್ದರೆ ಒತ್ತುವುದು ಎಂದು ನಿರ್ಣಯ ಮಾಡಿ ಸೈಕಲ್ ಹಿಡಿದೆ.

ಕವಲಿನ ಹತ್ತಿರದ ಮನೆಯ ಹಿತ್ತಿಲಲ್ಲಿ ಮುದುಕನೊಬ್ಬ ಬೀನ್ಸ್ ಕೊಯ್ಯುತ್ತಿದ್ದ. ಬೇಲಿಯ ಹತ್ತಿರ ನಿಂತು ಕೈಮುಗಿದೆ. ಫ್ರೆಂಚಿನಲ್ಲಿ ನನಗೆ ಗೊತ್ತಿದ್ದದ್ದು ಕ್ರಾಂತಿಯ ಕಾಲದ ನಾಲ್ಕು ಶಬ್ದಗಳು. ಕಳೆದುಹೋದ ಹೆಂಡತಿಯನ್ನು ಹುಡುಕಲು ಅವು ಉಪಯೋಗಕ್ಕೆ ಬರುವಂಥವಲ್ಲ. "ಮದಾಮ್," ಎಂದೆ. ಭುಜದ ಕೆಳಗೆ ಕೈ ಹಿಡಿದು ಎತ್ತರ ತೋರಿಸಿದೆ. ನನ್ನ ಸೈಕಲ್ಲಿನ ಬೆಲ್ ಹೊಡೆದೆ.

ಮುದುಕನ ಮುಖ ಅರಳಿತು. ಅವನು ಚೂರಿ ಕೆಳಗಿಟ್ಟು, ಇಲ್ಲದ ಬೆಲ್ಲೊಂದನ್ನು ಹೆಬ್ಬೆರಳಿನಿಂದ ಹೊಡೆದು, ತಲೆಯನ್ನು ಒಂದಂಗುಲ ಬಾಗಿಸಿದ. ಥೇಟು ವಾರಿಜಳೇ. ಆಮೇಲೆ ಬಲಗಡೆಯ ದಾರಿಗೆ ಕೈ ತೋರಿಸಿದ.

ಬಲಕ್ಕೆ ಹೋದೆ. ಒಂದು ಕಿಲೋಮೀಟರು ಹೋದಾಗ ಒಂದು ಶಿಲುಬೆ, ಕುಳ್ಳನೆಯದು. ಇಂಥ ಹೊತ್ತಿನಲ್ಲೂ ಕಾಲು ಇಳಿಯಿತು. ಇಳಿದದ್ದು ಮತ್ತೆ ಏಳಲಿಲ್ಲ. ಮೊಣಕಾಲು ಮಡಚುವುದಿಲ್ಲ ಎಂದಿತು. ಅಲ್ಲಿಂದ ನಾನು ಬೋವಿಕಾನದ ದಿನಗಳಂತೆ ಸೈಕಲ್ ದೂಡಿಕೊಂಡು ನಡೆದೆ. ಎದುರಿಗೆ ಹಿರಿಯರು ಯಾರೂ ಇಲ್ಲ, ನಾನೇ ಹಿರಿಯ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ತಿರುವಿನಲ್ಲಿ ಇನ್ನೊಂದು ಶಿಲುಬೆ ಕಂಡಿತು. ಮೂರು ಮೆಟ್ಟಿಲಿನದು. ಎರಡನೆಯ ಮೆಟ್ಟಿಲಲ್ಲಿ ಕೂತು ವಾರಿಜ ಅವಲಕ್ಕಿ ತಿನ್ನುತ್ತಿದ್ದಳು.

"ಎಲ್ಲಿ ಹೋಗಿದ್ರಿ?" ಎಂದಳು.

"ಹೋದದ್ದು ನೀನು."

"ನಿದ್ದೆ ಮಾಡಿದ್ರಲ್ಲ. ಕೆನ್ನೆಯಲ್ಲಿ ಕಲ್ಲಿನ ಗುರುತು ಉಂಟು."

ನಾನು ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಉಸಿರಾಡುವುದು ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. "ನಾನು ಬರ್ತೇನೋ ಇಲ್ಲವೋ ಅಂತ ಗೊತ್ತಿಲ್ಲದೆ ಹೇಗೆ ಕೂತೆ ಇಲ್ಲಿ?"

"ಹಿಂದೆ ನೋಡಿದೆ, ನೀವಿಲ್ಲ. ಆ ಕುಳ್ಳನೆಯದಕ್ಕೆ ಒಂದೇ ಮೆಟ್ಟಿಲು, ನನಗೆ ಇಳಿಲಿಕ್ಕೆ ಆಗಲಿಲ್ಲ. ಇದಕ್ಕೆ ಮೂರುಂಟು. ಶಿಲುಬೆ ಕಂಡರೆ ನೀವು ಇಳಿತೀರಿ. ಇಳಿದರೆ ನಾನು ಸಿಗ್ತೇನೆ." ಅವಳು ಪೊಟ್ಟಣದ ಬಾಯನ್ನು ಮಡಚುತ್ತ, ನನ್ನ ಕಡೆ ನೋಡದೆ ಕೇಳಿದಳು. "ವ್ಯಾನಿಗೆ ಫೋನ್ ಮಾಡಿದ್ರಾ?"

"ಇಲ್ಲ."

"ಸುಳ್ಳು ಹೇಳ್ಬೇಡಿ."

ಫೋನ್ ಕೊಟ್ಟೆ. ಅರ್ಜಿಯ ಜೊತೆಗಿಟ್ಟ ದಾಖಲೆ ಪರಿಶೀಲಿಸುವ ಹಾಗೆ ಅವಳು ಅದನ್ನು ನೋಡಿದಳು. ಪೂರ್ತಿ ನಂಬರು ಹಾಗೆಯೇ ಇತ್ತು, ಕರೆ ಹೋಗಿರಲಿಲ್ಲ. ತುಂಬ ಹೊತ್ತು ನೋಡಿದಳು. ಆಮೇಲೆ ಹಿಂದಿನಿಂದ ಒಂದೊಂದೇ ಅಂಕಿಯನ್ನು ಅಳಿಸಿ, ಫೋನನ್ನು ನನ್ನ ಹ್ಯಾಂಡಲಿಗೆ ಸಿಕ್ಕಿಸಿದಳು. ಉಳಿದ ಅವಲಕ್ಕಿ ನನಗೆ ಕೊಟ್ಟಳು.

ಬಲದಾರಿ ಸುತ್ತುದಾರಿ. ಒಂಬತ್ತು ಕಿಲೋಮೀಟರು ಉಳಿದಿತ್ತು, ಸಮಯ ಒಂದು ಗಂಟೆ.

"ನನ್ನಿಂದ ಹತ್ತಲಿಕ್ಕೆ ಆಗುವುದಿಲ್ಲ ವಾರಿಜ. ಕಾಲು ಏಳುವುದಿಲ್ಲ."

"ಇಲ್ಲಿಂದ ಹತ್ತಿ," ಎಂದು ಎರಡನೆಯ ಮೆಟ್ಟಿಲು ತೋರಿಸಿದಳು. ನನ್ನ ಸೈಕಲ್ಲನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ, ಹಿಂದೆ ಹೋಗಿ ಕ್ಯಾರಿಯರು ಹಿಡಿದುಕೊಂಡಳು. "ಇನ್ನು ಇಳಿಲಿಕ್ಕೆ ಇಲ್ಲ."

"ದಾರಿಯಲ್ಲಿ ಬಂದರೆ?"

"ಬೆಲ್ ಹೊಡೆಯಿರಿ."

ಅವಳು ದೂಡಿದಳು, ನಾನು ಹೋದೆ. ಹಿಂದಿನಿಂದ ಅವಳು ಕಟ್ಟೆ ಹತ್ತಿ ಸೈಕಲ್ ಏರಿದ ಸದ್ದು ಕೇಳಿತು.

ಮೊದಲ ಶಿಲುಬೆ ಬಂದಾಗ ಬೆನ್ನಿಗೆ ತಂದೆಯವರ ನೋಟ ತಾಗಿದ ಹಾಗಾಯಿತು. ಬಲಗಾಲು ಅಭ್ಯಾಸದಂತೆ ಪೆಡಲು ಬಿಟ್ಟಿತು. ಅದನ್ನು ಮತ್ತೆ ಅಲ್ಲೇ ಇಟ್ಟು, ತಲೆ ಬಾಗಿಸಿ, ಬೆಲ್ ಹೊಡೆದೆ. ಹಿಂದಿನಿಂದ ಇನ್ನೊಂದು ಬೆಲ್ ಕೇಳಿತು, ನನ್ನದರ ಮೇಲೆ ಮೇಲುಸಹಿ ಹಾಕಿದಂತೆ. ಹೀಗೆ ಐದು ಶಿಲುಬೆ ದಾಟಿದೆವು. ಆಕಾಶದಿಂದ ಯಾವ ಆಕ್ಷೇಪವೂ ಬರಲಿಲ್ಲ. ಒಂದು ದನ ತಲೆಯೆತ್ತಿ ನೋಡಿತು, ಅಷ್ಟೆ.

ಇಗರ್ಜಿಯ ಅಂಗಳ ತಲುಪಿದಾಗ ಐದಕ್ಕೆ ಮೂರು ನಿಮಿಷ. ಮೀಸೆಯವನು ವ್ಯಾನಿನ ಬಾಗಿಲು ಹಾಕುತ್ತಿದ್ದ, ನಮ್ಮನ್ನು ಹುಡುಕಿಕೊಂಡು ಹೊರಡಲಿಕ್ಕೆ. ವಾರಿಜ ಅವನನ್ನು ದಾಟಿ ನೇರ ಹೋಗಿ, ಇಗರ್ಜಿಯ ಕೆಳಗಿನ ಮೆಟ್ಟಿಲಿಗೆ ಎಡಗಾಲಿಟ್ಟು ನಿಂತಳು. ಅವನು ಹೆಬ್ಬೆರಳು ಎತ್ತಿದ. ಅವಳೂ ಎತ್ತಿದಳು. ನನ್ನನ್ನು ಮಾತ್ರ ಇಬ್ಬರೂ ಸೇರಿ, ಮರದಿಂದ ಹಲಸಿನ ಹಣ್ಣು ಇಳಿಸುವಂತೆ, ಕೆಳಗೆ ಬಡಿಯದ ಹಾಗೆ ಇಳಿಸಬೇಕಾಯಿತು.

ರೈಲು ನಿಲ್ದಾಣದ ಬೆಂಚಿನಲ್ಲಿ ಕೂತು ಅವಳು ಚೀಲದಿಂದ ಫೋನ್ ತೆಗೆದು ಅಣ್ಣನಿಗೆ ಕರೆ ಮಾಡಿದಳು. "ಅಣ್ಣಾ, ಹೆಸರು ಎಂತ ಇಡುವುದು?"

ಆ ಕಡೆಯಿಂದ ನಾರಾಯಣಭಾವನ ಸ್ವರ ನನಗೂ ಕೇಳಿತು. "ಆ ಹಸಿರು ಸೈಕಲ್ ತುಕ್ಕು ಹಿಡಿದು ಹೋಯ್ತು ವಾರಿಜಾ. ಬೆಲ್ ಮಾತ್ರ ತೆಗೆದಿಟ್ಟಿದ್ದೇನೆ. ನಿನಗೆ ಬೇಕಾ?"

"ಬೇಕು," ಎಂದಳು. ರೈಲು ಬರುವ ತನಕ ಎದುರಿನ ಗೋಡೆಯ ವೇಳಾಪಟ್ಟಿಯನ್ನು ಶ್ರದ್ಧೆಯಿಂದ ಓದಿದಳು. ಅದು ಫ್ರೆಂಚಿನಲ್ಲಿತ್ತು.

ಈಗ ಆ ಬೆಲ್ ಅವಳ ಸೈಕಲ್ಲಿನಲ್ಲಿದೆ. ಬೆಳಿಗ್ಗೆ ಬೋವಿಕಾನಕ್ಕೆ ಹೋಗಿ ಹಾಲು, ಪೇಪರು ತರುವುದು ಅವಳೇ. ದೈವಸ್ಥಾನದ ಎದುರು ಬೆಲ್ ಹೊಡೆಯುತ್ತಾಳೆ, ನನ್ನ ಹಳೆಯ ಹೆಡ್‌ಮಾಷ್ಟ್ರ ಗೇಟಿನ ಎದುರೂ ಹೊಡೆಯುತ್ತಾಳೆ. ಅವರಿಗೆ ಈಗ ತೊಂಬತ್ತರ ಹತ್ತಿರ, ಕಿವಿ ಮಂದ, ಆದರೆ ಆ ಬೆಲ್ ಕೇಳುತ್ತದಂತೆ. ನಾನು ಡಾಕ್ಟರ ಮಾತಿನ ಮೊದಲರ್ಧವನ್ನು ಬಿಟ್ಟು ಎರಡನೆಯರ್ಧವನ್ನು ಮಾತ್ರ ಪಾಲಿಸುತ್ತಿದ್ದೇನೆ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

ಗೇಟಿನ ಹತ್ತಿರ ಎರಡು ಕೆಂಪುಕಲ್ಲು ಒಂದರ ಮೇಲೊಂದು ಇಡಿಸಿ ಸಿಮೆಂಟು ಹಾಕಿಸಿದ್ದೇನೆ, ಒಂದು ಮೊಳ ಎತ್ತರಕ್ಕೆ. ಅವಳು ಅದರಿಂದಲೇ ಹತ್ತಿ ಹೋಗುವುದು, ಬಂದು ಅದಕ್ಕೇ ಕಾಲಿಟ್ಟು ಇಳಿಯುವುದು. ಅವಳು ಹೋಗಿ ಬರುವ ತನಕ ಅದರ ಮೇಲೆ ನಾನು ಕೂರುತ್ತೇನೆ. ಕಲ್ಲು ತಣ್ಣಗಿರುತ್ತದೆ, ಬೆನ್ನಿಗೆ ಗೇಟಿನ ಕಂಬ ಸಿಗುತ್ತದೆ, ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ಕೂತರೆ ಏಳುವುದೇ ಕಷ್ಟ ಎಂಬುದು ಬೇರೆ ವಿಷಯ. ಅದನ್ನು ನಾನು ಡಾಕ್ಟರಿಗೆ ಹೇಳಿಲ್ಲ.

ಇವತ್ತು ಇದನ್ನು ಯೋಚಿಸುತ್ತ ಅಲ್ಲೇ ಕೂತಿದ್ದೆ. ತಿರುವಿನಾಚೆ ಬೆಲ್ ಕೇಳಿತು. ಅವಳಿಗೆ ಇಳಿಯಲು ಬೇರೆ ಜಾಗವಿಲ್ಲ. ಕಂಬ ಹಿಡಿದು ಎದ್ದು ನಿಂತೆ.